ಒಳಪಂಕ್ತಿಯಲ್ಲಿ ನಿನ್ನ ಅಜ್ಜ

ನನ್ನ ಹೊಟ್ಟೆಯೊಳಗಿನ ಕಂದಾ,

ಹೋದ ತಿಂಗಳು ನಿನ್ನ ಸಲುವಾಗಿ ನಡೆದ ಸೀಮಂತದಲ್ಲಿ ಆದದ್ದನ್ನು ಮುಂದೆ ನಿನಗೆ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಅದಕ್ಕೆ ಮೊದಲು ನಿನ್ನ ಅಮ್ಮ ಹೇಳುವುದನ್ನು ಕೇಳಿಬಿಡು.

ನಿನ್ನ ಅಜ್ಜ, ಅಂದರೆ ನನ್ನ ತಂದೆ ಐತ, ಚಿಕ್ಕ ವಯಸ್ಸಿನಲ್ಲೇ ಕಾರ್ಕಳದ ಕಡೆಯಿಂದ ಈ ಮದರಾಸಿಗೆ ಬಂದವರು. ರಾಯಪುರಂನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮೇಜು ಒರೆಸಿದರು, ಉಂಡ ಎಲೆ ಎತ್ತಿದರು. ಅಡುಗೆಮನೆಯ ಹೊಸ್ತಿಲು ಮಾತ್ರ ದಾಟುವಂತಿರಲಿಲ್ಲ. ಯಾಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಕೆಲಸಕ್ಕಿದ್ದವರೆಲ್ಲ ಊರ ಕಡೆಯವರೇ, ಒಬ್ಬರ ಜಾತಿ ಇನ್ನೊಬ್ಬರಿಗೆ ಗೊತ್ತಿತ್ತು. ತಿರುವೊಟ್ಟಿಯೂರಿನ ಬಾಡಿಗೆ ಮನೆಯಲ್ಲಿ ಅವರೂ ನನ್ನ ಅಮ್ಮ ಗುಣವತಿಯೂ ನನ್ನನ್ನು ಓದಿಸಿದರು. ಬಂದರಿನ ಹತ್ತಿರದ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿತು. ಅಲ್ಲೇ ನಿನ್ನ ಅಪ್ಪ ಸತ್ಯಾತ್ಮನೂ ಸಿಕ್ಕ.

ಅವನದು ತಲೆಮಾರುಗಳಿಂದ ಇಲ್ಲೇ ನೆಲೆನಿಂತ, ಕನ್ನಡ ಮನೆಮಾತಿನ ವೈಷ್ಣವ ಬ್ರಾಹ್ಮಣರ ಮನೆ. ನಮ್ಮ ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ಅವನ ತಾಯಿ ಜಾನಕಮ್ಮ ಆಮೇಲೆ ನನ್ನನ್ನು ಮನೆ ತುಂಬಿಸಿಕೊಂಡರು. ವಾಂತಿಯಾಗಿ ಬಳಲುತ್ತಿದ್ದ ದಿನಗಳಲ್ಲಿ ಪಕ್ಕದಲ್ಲಿ ಕೂತು ಸಾರನ್ನ ಕಲಸಿ ಕೊಟ್ಟರು. ಅದನ್ನು ನಾನು ಮರೆಯುವುದಿಲ್ಲ. ಆದರೆ ನನ್ನ ತಂದೆಯನ್ನು ಅವರು ಒಮ್ಮೆಯೂ ಮಾಂಬಲಂನ ಆ ಮನೆಗೆ ಕರೆದಿರಲಿಲ್ಲ. ಸೀಮಂತಕ್ಕೆ ಕರೆಯದೆ ಇರಲು ಆಗಲಿಲ್ಲ.

ಅಜ್ಜ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮೆಟ್ರೋ ಹಿಡಿದು ಬಂದರು. ನನ್ನ ಅಮ್ಮ ಈಗಿಲ್ಲವಲ್ಲ, ಹಸಿರು ಬಳೆ ಅವರೇ ಆರಿಸಿ ತಂದಿದ್ದರು. ನನ್ನ ತಲೆ ಮುಟ್ಟಿ ಹರಸುವಾಗ ಅವರ ಕಣ್ಣು ತುಂಬಿತ್ತು. ಊಟಕ್ಕೆ ಹಜಾರದಲ್ಲಿ ಸಾಲಾಗಿ ಎಲೆ ಹಾಕಿದರು. ಆಗ ಅತ್ತೆ ನಗುನಗುತ್ತಲೇ ಅಜ್ಜನ ಬಳಿ ಬಂದು, "ಒಳಗೆ ತುಂಬ ಜನ, ಸೆಖೆ ಬೇರೆ. ನಿಮಗೆ ಹೊರಗೆ ತಿಣ್ಣೇಲಿ ಎಲೆ ಹಾಕ್ಸಿದೀನಿ, ಕೊಂಜ ಗಾಳಿ ಬರತ್ತೆ" ಎಂದರು.

"ಆಯ್ತು ಅಮ್ಮಾ" ಎಂದು ಅಜ್ಜ ಎದ್ದೇಬಿಟ್ಟರು. ಅತ್ತೆಯ ಮಾತಿಗಿಂತ, ಅವರು ಅಷ್ಟು ಬೇಗ ಎದ್ದದ್ದು ನನ್ನ ಎದೆಗೆ ನಾಟಿತು.

ನಾನು ಹೂ ಮುಡಿದ ಹಾಗೇ ನನ್ನ ಎಲೆ ಎತ್ತಿಕೊಂಡು ಹೊರಜಗಲಿಯ ತಿಣ್ಣೆಗೆ ಹೋಗಿ ಅವರ ಪಕ್ಕ ಕೂತೆ. ನಿನ್ನ ಅಪ್ಪನೂ ತನ್ನ ಎಲೆ ತಂದ. ಅತ್ತೆ ಓಡಿಬಂದು ತಗ್ಗಿದ ದನಿಯಲ್ಲಿ, "ಸೀಮಂತದ ಹುಡುಗಿ ತಿಣ್ಣೇಲಿ ಕೂತು ಊಟ ಮಾಡೋದೇನಮ್ಮಾ? ಎದ್ದು ಒಳಗೆ ಬಾ" ಎಂದರು.

"ಅಪ್ಪ ಎಲ್ಲಿ ಕೂರ್ತಾರೋ ನನ್ನ ಎಲೆಯೂ ಅಲ್ಲೇ ಅತ್ತೆ" ಎಂದೆ.

ಅಷ್ಟರಲ್ಲಿ ಅಜ್ಜ ಎದ್ದು ನಿಂತರು. "ಅಮ್ಮಾ, ನನ್ನ ಮಗಳು ಹೊರಗೆ ಕೂತು ಉಣ್ಣುವುದು ಬೇಡ. ನಾನೇ ಒಳಗೆ ಬರ್ತೇನೆ. ಇಷ್ಟು ವರ್ಷ ಬೇರೆಯವರ ಎಲೆ ಎತ್ತಿದವ ನಾನು. ಇವತ್ತು ಬಂದದ್ದು ಅದಕ್ಕಲ್ಲ, ಇವಳ ಅಪ್ಪನಾಗಿ ಉಣ್ಣಲಿಕ್ಕೆ" ಎಂದರು. ದನಿ ಏರಿಸಲಿಲ್ಲ. ತಮ್ಮ ಎಲೆ ಹಿಡಿದು ನಡೆದು, ಪಂಕ್ತಿಯ ನಡುವೆ ಹಾಸಿ ಕೂತರು. ನಾವಿಬ್ಬರೂ ಅವರ ಆಚೆ ಈಚೆ ಕೂತೆವು.

ಅತ್ತೆಯ ಅಣ್ಣ ಕಿಟ್ಟು ಮಾವ, "ಏನು ಜಾನಕೀ ಇದೆಲ್ಲ?" ಎಂದು ಎದ್ದು ಚಪ್ಪಲಿ ಮೆಟ್ಟಿ ಹೊರಟೇಹೋದರು. ಉಳಿದವರು ಅತ್ತೆಯ ಮುಖ ನೋಡಿದರು. ಪಾಯಸದ ಪಾತ್ರೆ ಹಿಡಿದು ನಿಂತಿದ್ದ ಅವರು ಅಣ್ಣ ಹೋದ ಬಾಗಿಲನ್ನೊಮ್ಮೆ ನೋಡಿದರು, ಆಮೇಲೆ ಬಗ್ಗಿ ಅಜ್ಜನ ಎಲೆಗೆ ಬಡಿಸಿದರು. ಅಜ್ಜ ನಿಧಾನವಾಗಿ ಉಂಡು, "ಇನ್ನು ಸ್ವಲ್ಪ ಹಾಕಿ ಅಮ್ಮಾ, ಲಾಯ್ಕ ಉಂಟು" ಎಂದು ಕೇಳಿ ಹಾಕಿಸಿಕೊಂಡರು. ಯಾರೋ ನಕ್ಕರು. ಪಂಕ್ತಿ ಮುಂದುವರಿಯಿತು.

ಅಲ್ಲಿಗೇ ಎಲ್ಲ ಸರಿಹೋಯಿತು ಎಂದು ನಾನು ನಿನಗೆ ಸುಳ್ಳು ಹೇಳುವುದಿಲ್ಲ. ಮರುದಿನ ಬೆಳಗ್ಗೆ ಅತ್ತೆ ಹಜಾರವನ್ನು ಅರಿಶಿನದ ನೀರಿನಿಂದ ತೊಳೆಸಿದರು. ನಾನು ಅಲ್ಲೇ ನಿಂತು ಹೇಳಿದೆ: "ಅತ್ತೆ, ನಾಮಕರಣಕ್ಕೂ ಅಪ್ಪ ಇಲ್ಲೇ ಕೂರ್ತಾರೆ, ಹುಟ್ಟುಹಬ್ಬಕ್ಕೂ ಇಲ್ಲೇ. ಪ್ರತಿಸಲ ತೊಳೆಸೋದಾದ್ರೆ ನಿಮಗೇ ದಣಿವು." ಅವರು ಒಳಗೆ ಹೋದರು. ಎಷ್ಟೋ ದಿನ ನಮ್ಮಿಬ್ಬರ ನಡುವೆ ಅಗತ್ಯದ ಮಾತು ಮಾತ್ರ.

ನಿನ್ನೆ ಸಂಜೆ ಹೂ ಕಟ್ಟುತ್ತ ಕೂತಿದ್ದವರು ತಲೆಯೆತ್ತದೆ ಕೇಳಿದರು, "ನಾಮಕರಣಕ್ಕೆ ನಿಮ್ಮಪ್ಪನ ಕಡೆಯಿಂದ ಯಾರ್ಯಾರು ಬರ್ತಾರೆ?"

"ಎಲ್ಲರೂ" ಎಂದೆ.

"ಹಾಗಾದ್ರೆ ಹಜಾರ ಸಾಲದು, ಮಹಡಿ ಮೇಲೆ ಶಾಮಿಯಾನ ಹಾಕ್ಸಬೇಕು" ಎಂದರು.

ಕಂದಾ, ಒಂದು ದಿನ ನಿನ್ನನ್ನೂ ಯಾರಾದರೂ ನಯವಾಗಿ ಕೇಳುತ್ತಾರೆ, ನೀವು ಯಾವ ಜನ ಎಂದು. ಆಗ ತಡವರಿಸಬೇಡ. ಐತನ ಮೊಮ್ಮಗು, ಜಾನಕಮ್ಮನ ಮೊಮ್ಮಗು ಎಂದು ಎರಡು ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳು. ಕೇಳಿದವರು ಏನು ಬೇಕಾದರೂ ಅಂದುಕೊಳ್ಳಲಿ.

ಎಲ್ಲೇ ಹೋಗು, ಕೂತಲ್ಲಿಂದ ಯಾರೂ ನಿನ್ನನ್ನು ಎಬ್ಬಿಸದಿರಲಿ. ನೀನೂ ಯಾರನ್ನೂ ಎಬ್ಬಿಸದಿರು. ಸುಖವಾಗಿ ಹುಟ್ಟಿ ಬಾ.

ನಿನ್ನ ದಾರಿ ನೋಡುತ್ತಿರುವ ಅಮ್ಮ,
ವೀಕ್ಷಾ