ಕಥೆಯ ಕೊನೆಯನ್ನು ಮೊದಲೇ ಹೇಳುವವಳು

ರೀ,

ಪಕ್ಕದ ಕೋಣೆಯಲ್ಲಿರುವ ಗಂಡನಿಗೆ ಕಾಗದ ಬರೆಯುವ ಹೆಂಗಸನ್ನು ಕಂಡರೆ ನಾನೇ ನಗುತ್ತಿದ್ದೆ. ಆದರೆ ಇದನ್ನು ಬಾಯಿಬಿಟ್ಟು ಹೇಳಲು ಹೊರಟರೆ ಅರ್ಧದಲ್ಲೇ ನಿಮ್ಮ ಮೇಲೆ ರೇಗಿಬಿಡುತ್ತೇನೆ ಎಂಬ ಭಯ. ನನ್ನ ಬಾಯಿ ನಿಮಗೆ ಗೊತ್ತಲ್ಲ.

ಮೊನ್ನೆ ಮಗಳ ನಾಟಕದಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಕಥೆ ಹೇಳುವ ಹುಚ್ಚಿನ ಹುಡುಗ, ಅವನನ್ನು ಗೋಳುಹೊಯ್ದುಕೊಳ್ಳುವ ಗುಂಪು, ಆ ಗುಂಪಿಗೆ ನಮ್ಮ ಮಗಳೇ ನಾಯಕಿ. ಅವನು ಬಾಯಿ ತೆರೆದ ಕೂಡಲೇ ಸೊಂಟಕ್ಕೆ ಕೈಯಿಟ್ಟು, ಒಂದು ಹುಬ್ಬೇರಿಸಿ, "ಮುಗೀತಾ ನಿನ್ನ ಪುರಾಣ? ವಿಷಯಕ್ಕೆ ಬಾ" ಅಂದಳು. ಸಭೆಯೆಲ್ಲ ಗೊಳ್ಳೆಂದಿತು. "ಎಷ್ಟು ಚೆನ್ನಾಗಿ ಮಾಡ್ತಾಳೆ ನೋಡ್ರೀ" ಎಂದು ನಿಮ್ಮನ್ನು ಮೊಣಕೈಯಿಂದ ತಿವಿದೆ. ನೀವು ತಲೆ ಎತ್ತಲಿಲ್ಲ.

ಆಮೇಲೆ ಅವಳು ಹುಡುಗನ ಕಥೆಯ ಕೊನೆಯನ್ನು ತಾನೇ ಹೇಳಿ ಮುಗಿಸಿ, ಊಟದ ಡಬ್ಬಿಯ ಮೇಲೆ ಚಮಚದಿಂದ ಬಡಿದಳು. ನಿಮ್ಮ ಮಾತು ಸಾಕೆನ್ನಲು ನಾನು ಸೌಟಿನಿಂದ ಪಾತ್ರೆಯ ಅಂಚಿಗೆ ಬಡಿಯುವ ಹಾಗೆಯೇ. ನನ್ನ ನಗು ಅಲ್ಲಿಗೇ ನಿಂತಿತು.

ಹೊರಗೆ ಅವಳ ನಾಟಕದ ಮೇಷ್ಟ್ರು ಸಿಕ್ಕಿ, "ಕೆಟ್ಟವರನ್ನ ಸಿನಿಮಾದಿಂದ ತರಬೇಡಿ, ದಿನಾ ನೋಡೋರನ್ನ ತನ್ನಿ ಅಂದಿದ್ದೆ. ನಿಮ್ಮ ಮಗಳು ಯಾರನ್ನ ತಂದ್ಲೋ, ಜೀವಂತ ತಂದ್ಲು" ಎಂದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಲಿಫ್ಟ್ ರಿಪೇರಿ ಮುಗಿಸಿ ಬಂದಾಗ ನಿಮ್ಮ ಬಳಿ ಏನೆಲ್ಲ ಕಥೆಗಳಿರುತ್ತಿದ್ದವು. ಮಾತುಬಿಟ್ಟಿದ್ದ ಅಣ್ಣತಮ್ಮಂದಿರು ಒಂದೇ ಲಿಫ್ಟಿನಲ್ಲಿ ಸಿಕ್ಕಿಕೊಂಡ ಕಥೆಯನ್ನು ಅದೆಷ್ಟು ಆಸೆಯಿಂದ ಶುರುಮಾಡಿದಿರಿ. "ಕೊನೆಗೆ ನೀವು ಬಾಗಿಲು ತೆಗೆದ್ರಿ, ಅವರು ಹೊರಗೆ ಬಂದ್ರು, ಅಷ್ಟೇ ತಾನೇ?" ಎಂದೆ. ಮಗಳು ತುತ್ತು ಕೈಯಲ್ಲೇ ಹಿಡಿದು ನಿಮ್ಮನ್ನು ನೋಡುತ್ತಿದ್ದಳು. ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ದಿನವಿಡೀ ಜನರ ಉದ್ದುದ್ದ ಮಾತು ಕತ್ತರಿಸಿ ಕತ್ತರಿಸಿ ಹೀಗಾದೆ ಎಂದು ಸಬೂಬು ಹೇಳಬಹುದು. ಆದರೆ ಅಲ್ಲಿ ಅಪರಿಚಿತರಿಗೆ "ಸ್ವಲ್ಪ ಬೇಗ ಹೇಳಿ, ದಯವಿಟ್ಟು" ಎನ್ನುತ್ತೇನೆ. ನಿಮ್ಮ ಪಾಲಿಗೆ ಆ "ದಯವಿಟ್ಟು" ಕೂಡ ಇರಲಿಲ್ಲ.

ನಿನ್ನೆ ಜಡೆ ಹಾಕುವಾಗ ಮಗಳನ್ನು ಕೇಳಿಯೇಬಿಟ್ಟೆ, ನನ್ನ ಮೇಲೆ ಅಷ್ಟು ಸಿಟ್ಟಾ ಎಂದು. "ಸಿಟ್ಟಲ್ಲಮ್ಮ. ಮೊದಲು ನಂಗೆ ಆ ಹುಡುಗನ ಪಾರ್ಟೇ ಕೊಟ್ಟಿದ್ರು. ಅಪ್ಪ ನೆನಪಾಗಿ ಅಳು ಬರ್ತಿತ್ತು. ಅದಕ್ಕೆ ಬದಲಾಯಿಸ್ಕೊಂಡೆ" ಅಂದಳು. ಜಡೆ ಅಲ್ಲಿಗೇ ಬಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆ. ನಾಚಿಕೆಯಾಗುತ್ತಿದೆ, ರೀ. ನಮ್ಮ ಕೂಸು ನಿಮ್ಮ ನೋವನ್ನು ಹೊರಲಾರದೆ ನನ್ನ ಕೆಟ್ಟತನವನ್ನು ಹೊತ್ತುಕೊಂಡಿತು.

ಇವತ್ತು ಬೆಳಿಗ್ಗೆ ಅವಳು, "ಅಪ್ಪ, ನಿನ್ನೆ ಕೆಲಸದಲ್ಲಿ ಏನಾಯ್ತು?" ಎಂದು ಕೇಳಿದಳು. ನಿಮ್ಮ ಮುಖ ಅರಳಿತು. ಬಾಯಿ ತೆರೆಯುವ ಮುನ್ನ ನೀವು ನನ್ನತ್ತ ಒಮ್ಮೆ ನೋಡಿದಿರಿ. ನಾನು ಏನೂ ಅಂದಿರಲಿಲ್ಲ, ಸುಮ್ಮನೆ ನಿಂತಿದ್ದೆ. ಆದರೂ "ಏನಿಲ್ಲ ಬಿಡು ಪುಟ್ಟಿ" ಎಂದು ಎದ್ದುಹೋದಿರಿ.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಇಷ್ಟು ಮಾತ್ರ ಕೇಳುತ್ತೇನೆ: ಇನ್ನು ಮುಂದೆ ಅವಳಿಗೆ ಏನಾದರೂ ಹೇಳುವಾಗ ನನ್ನ ಮುಖ ನೋಡಬೇಡಿ.

ನಿಮ್ಮ ಮಾತು ನೂರು ವರ್ಷ ಬಾಳಲಿ.

ಇಂತಿ,
ಬಾಗಿಲಾಚೆ ಕೂತು ಕೇಳಿಸಿಕೊಳ್ಳಲು ಕಲಿಯುತ್ತಿರುವ
ನಿಮ್ಮವಳು