ನಿಧಾನದ ಹಡಗು

ಒಂಬತ್ತನೇ ತಾರೀಕು, ಬುಧವಾರ

ಪ್ರೀತಿಯ ಅಕ್ಕನಿಗೆ,

ಕೆಟ್ಟ ಕನಸು ಬಿತ್ತು. ಅಡುಗೆಮನೆಯ ತುಂಬ ಗೋಧಿ, ಮೊಣಕಾಲಿನವರೆಗೆ. ನಾನು ಒಲೆ ಹುಡುಕುತ್ತಿದ್ದೆ. ಅಷ್ಟೇ. ಎದ್ದ ಮೇಲೆ ಅಳುವಾದರೂ ಬರಬೇಕಿತ್ತು, ಬರಲಿಲ್ಲ. ನಿನ್ನ ಕಾಗದ ಬಂದು ಆರು ದಿನವಾಯಿತು, ತಡವಾಯಿತೆಂದು ಬೈಯಬೇಡ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು ನಾನು. ಒಂದು ಸಾಲಿಗೆ ಹತ್ತು ಸಲ ಪೆನ್ಸಿಲು ಕಚ್ಚುತ್ತೇನೆ.

ನಮ್ಮವರಿದ್ದ ಹಡಗು ಮುಳುಗಿದ ಸುದ್ದಿ ಬಂದಾಗ ಬಂದರಿನ ಧಕ್ಕೆಯ ಉಗ್ರಾಣದಲ್ಲಿ ಮೂಟೆ ಹೊಲಿಯುತ್ತಿದ್ದೆ. ಹಡಗಿನ ಹೊಟ್ಟೆಗೆ ಗೋಧಿಯನ್ನು ಬಿಡಿಯಾಗಿ ಸುರಿಯುತ್ತಾರಲ್ಲ, ಅಲೆಗೆ ಅದು ಒಂದೇ ಕಡೆ ಜಾರದಂತೆ ಮೇಲೆ ನಮ್ಮ ಮೂಟೆ ಹೇರುತ್ತಾರೆ. ನನ್ನ ಹೊಲಿಗೆಯೇ ಬಿಚ್ಚಿತೋ ಏನೋ ಎಂದು ಮೊದಲು ಅನಿಸಿತು. ಗುಮಾಸ್ತರು "ಇಲ್ಲಮ್ಮ, ಶತ್ರುಗಳು ಹೊಡೆದದ್ದು" ಅಂದರು. ಆಮೇಲೂ ಮೂವತ್ತು ಮೂಟೆ ಹೊಲಿದೆ. ಮೇಸ್ತ್ರಿಗೆ ಇನ್ನೂ ಗೊತ್ತಿರಲಿಲ್ಲ. "ಏನಮ್ಮಾ, ಮದುವೆ ಬಟ್ಟೆ ಹೊಲೀತಿದ್ದೀಯಾ? ಬೇಗ ಬೇಗ, ಹಡಗು ಕಾಯ್ತಾ ಇದೆ" ಅಂದ. "ಆಯ್ತಣ್ಣ" ಅಂದೆ.

ಬಂದರು ಕಚೇರಿಗೆ ಮೂರು ಸಲ ಹೋದೆ. ಕಿಟಕಿಯಾಚೆಯವರು "ಸರ್ಕಾರದ ಹಡಗು, ಸರ್ಕಾರವೇ ತಿಳಿಸುತ್ತೆ. ನೀವು ದಿನಾ ಬಂದ್ರೆ ಹಡಗು ಮೇಲೆ ಬರುತ್ತಾ?" ಅಂದರು. ಬೇಜಾರೂ ಆಗಲಿಲ್ಲ. ಮನೆಯಲ್ಲಿ ಅತ್ತೆ "ಅಯ್ಯೋ, ಅಷ್ಟು ಗೋಧಿ! ಎಷ್ಟು ಜನ ಉಣ್ಣೋರು!" ಅಂತ ಗೊಣಗುತ್ತಾರೆ. ಮಗನ ಮಾತೆತ್ತುವುದಿಲ್ಲ. ನಾನೂ ಎತ್ತುವುದಿಲ್ಲ. ಇಬ್ಬರೂ ಗೋಧಿಯ ಬಗ್ಗೆಯೇ ಮಾತಾಡಿಕೊಳ್ಳುತ್ತೇವೆ.

ಆ ಹಡಗಿನಿಂದ ನಿಮ್ಮ ಆಸ್ಪತ್ರೆಗೆ ತಂದದ್ದು ಒಬ್ಬನನ್ನೇ, ಮುಖಕ್ಕೆಲ್ಲ ಬಟ್ಟೆ ಸುತ್ತಿದ್ದಾರೆ, ಮಾತಿಲ್ಲ, "ನೀನು ಹೇಳಿದ ಕಾಲಿನ ಗುರುತು ಕಾಣಲಿಲ್ಲ, ನಿನ್ನ ಗಂಡ ಅಲ್ಲ" ಎಂದು ಬರೆದಿದ್ದೀಯ. ನೆಲ ಒರೆಸುವ ನಡುವೆ ಹೆದರಿ ಹೆದರಿ ನೋಡಿದ್ದೀಯ. ನಿನ್ನ ಉಪಕಾರ ಮರೆಯುವುದಿಲ್ಲ. ಸೊಂಟಕ್ಕೆ ಬಿಸಿನೀರಿನ ಕಾವು ಕೊಡುವುದನ್ನು ಬಿಡಬೇಡ. ಭಾವನಿಗೆ ನಮಸ್ಕಾರ. ಮಕ್ಕಳು ನೂರು ವರ್ಷ ಬಾಳಲಿ, ನೀರಿನ ಕೆಲಸಕ್ಕೆ ಮಾತ್ರ ಹೋಗದಿರಲಿ.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ. ಅವರು ಮೊದಲಿದ್ದದ್ದು ಎಣ್ಣೆ ಹಡಗಿನಲ್ಲಿ. ಎಣ್ಣೆಯನ್ನು ಮೊದಲು ಹೊಡೆಯುತ್ತಾರೆ, ತಿನ್ನುವ ಕಾಳನ್ನು ಯಾರು ಹೊಡೆದಾರು ಎಂದುಕೊಂಡು, ಅವರನ್ನು ಗೋಧಿಯ ಹಡಗಿಗೆ ಹಾಕಿ ಎಂದು ಗುಟ್ಟಾಗಿ ಅರ್ಜಿ ಕೊಟ್ಟವಳು ನಾನೇ. ಭಾರದ ಹಡಗು ನಿಧಾನ, ಜೊತೆಯವು ಅದಕ್ಕಾಗಿ ನಿಲ್ಲುವುದಿಲ್ಲ, ಒಂಟಿಯಾಗಿ ಹಿಂದೆ ಬೀಳುತ್ತದೆ ಎಂದು ನನಗೇನು ಗೊತ್ತು? ಎಣ್ಣೆ ಹಡಗು ಮೊನ್ನೆ ಸುಖವಾಗಿ ಬಂದು ನಿಂತಿದೆ. ಹೊರಡುವ ದಿನ ಅವರು "ಆ ಎಂಜಿನ್ ಸಾಹೇಬನೇ ನನ್ನ ಎತ್ತಂಗಡಿ ಮಾಡಿಸಿದ್ದು, ಹಾಳಾಗಿ ಹೋಗ್ಲಿ" ಅಂತ ಬೈದರು. "ಹೌದು, ಆ ಮನುಷ್ಯ ಸರಿಯಿಲ್ಲ" ಅಂದೆ ನಾನು, ಬುತ್ತಿ ಕಟ್ಟುತ್ತಾ.

ಅಕ್ಕಾ, ಅವರ ಕೂಡಿಕೊಂಡ ಬೆರಳು ಬಲಗಾಲಿನದು ಎಂದು ಬರೆದಿದ್ದೆನೇ? ಗಾಬರಿಯಲ್ಲಿ ಏನು ಬರೆದೆನೋ. ಎಡಗಾಲು. ಕಿರುಬೆರಳು, ಅದರ ಪಕ್ಕದ್ದು. ಈ ಕಾಗದ ಸಿಕ್ಕ ಮೇಲೆ ನೆಲ ಒರೆಸುವಾಗ ಹೊದಿಕೆ ಸ್ವಲ್ಪ ಸರಿಸಿ ಎಡಗಾಲು ಇನ್ನೊಂದು ಸಲ ನೋಡು.