ನಮ್ಮದಲ್ಲದವನ ಮಕ್ಕಳು

ಹೊಟ್ಟೆಯಲ್ಲಿ ಒದೆಯುತ್ತಿರುವ ಕೂಸೇ,

‘ನನ್ನ ಕೂಸೇ’ ಎಂದು ಬರೆಯಲು ಹೋಗಿ ಕೈ ತಡೆದುಕೊಂಡೆ. ಈ ಮನೆಯಲ್ಲಿ ಆ ಮಾತು ಆಡುವಂತಿಲ್ಲ. ನೀನು ಬರುತ್ತಿರುವುದು ಎಲ್ಲರಿಗೂ ಗೊತ್ತು, ಆದರೂ ಯಾರ ಬಾಯಲ್ಲೂ ನಿನ್ನ ಸುದ್ದಿಯಿಲ್ಲ. ನಿನ್ನಪ್ಪ ಸವ್ವಾತಿ ಕಾಡಿಗೆ ಹೋಗಿದ್ದಾನೆ, ಮರ ಕಡಿಯಲು. ನದಿಯ ಮಂಜುಗಡ್ಡೆ ಒಡೆದು ದಿಮ್ಮಿಗಳು ತೇಲುವ ತನಕ ಬರುವುದಿಲ್ಲ. ಮನೆಯಲ್ಲಿರುವುದು ನಾನು ಮತ್ತು ಅವನ ಸೋದರತ್ತೆ ಉಸ್ತಿನ್ಯಾ. ಎದುರು ಕೂತು ಎಲೆಕೋಸಿನ ಸಾರು ಕುಡಿಯುವಾಗಲೂ ಆಕೆ ನನ್ನ ಹೊಟ್ಟೆಯ ಕಡೆ ನೋಡುವುದಿಲ್ಲ. ನಿನ್ನನ್ನು ಬಿಟ್ಟರೆ ನನಗಿಲ್ಲಿ ಜೊತೆ ಯಾರು? ನಿನ್ನೊಡನೆಯೇ ಮಾತಾಡಕೂಡದಂತೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆದು ಒಲೆಗೆ ಹಾಕುತ್ತೇನೆ.

ನಿನಗಿಂತ ಮೊದಲು ಇಬ್ಬರು ಬಂದಿದ್ದರು. ಹುಟ್ಟುವ ಮುಂಚೆಯೇ ತೊಟ್ಟಿಲು ಕಟ್ಟಿದ್ದೆ, ಅಂಗಿ ಹೊಲಿದಿದ್ದೆ, ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಹಾಲು ಕುಡಿಯುವ ವಯಸ್ಸಿನಲ್ಲೇ ಇಬ್ಬರೂ ಹೋದರು. ಚರ್ಚಿನ ಹಿಂದೆ, ಬರ್ಚ್ ಮರದ ಕೆಳಗೆ ಮಲಗಿದ್ದಾರೆ.

ಎರಡನೆಯದನ್ನು ಮಣ್ಣು ಮಾಡಿ ಬಂದ ದಿನ ನೆನಾಶೆವ್ ಎಂಬ ಈ ಮನೆತನದ ಹೆಸರನ್ನೇ ಬೈದೆ. ನೆನಾಶ್ ಅಂದರೆ ನಮ್ಮದಲ್ಲ. ನೆನಾಶೆವ್ ಅಂದರೆ ಆ ನಮ್ಮದಲ್ಲದವನ ಮಗ. ಇಂಥ ಹೆಸರು ಹೊತ್ತ ಮನೆಯಲ್ಲಿ ಮಕ್ಕಳು ಹೇಗೆ ಉಳಿದಾವು ಎಂದು ಕೂಗಾಡಿದೆ. ಹಿಟ್ಟು ನಾದುತ್ತಿದ್ದ ಉಸ್ತಿನ್ಯಾ ಅತ್ತೆ ಕೈ ಒರೆಸಿಕೊಳ್ಳುತ್ತ ಬಂದಳು.

“ಬಾಯ್ಮುಚ್ಚೇ ಗ್ಲಾಫಿರಾ! ಆ ಹೆಸರಿಲ್ದೇ ಹೋಗಿದ್ರೆ ನಿನ್ನ ಗಂಡ ಎಲ್ಲಿರ್ತಿದ್ದ? ಅವನ ಮುತ್ತಜ್ಜನ ಅಜ್ಜಿಗೆ ಹುಟ್ಟಿದ್ದೆಲ್ಲ ಸಾಯ್ತಿತ್ತು. ಕೊನೇದನ್ನ ಹುಟ್ಟಿದ ತಕ್ಷಣ ಕಿಟಕಿಯಿಂದ ಒಬ್ಬ ಭಿಕ್ಷುಕಿ ಕೈಗೆ ಕೊಟ್ಲು. ಅವಳು ಬಾಗಿಲಿಂದ ಒಳಗೆ ಬಂದು, ‘ದಾರೀಲಿ ಸಿಕ್ತು, ಬೇಕಾ?’ ಅಂದ್ಲು. ‘ನಮ್ಮದಲ್ಲ, ಬೇಕಿದ್ರೆ ಇಟ್ಟು ಹೋಗು’ ಅಂದ್ಲು ಹೆತ್ತೋಳು. ಹುಡುಕ್ಕೊಂಡು ಬಂದ ಸಾವು, ಯಾರದೋ ಮಗು ಅಂತ ವಾಪಸ್ ಹೋಯ್ತು. ಪಾದ್ರಿ ಏನೇ ಹೆಸರಿಟ್ರೂ ಊರಿಗೆಲ್ಲ ಅವನು ನೆನಾಶ್. ಅವನ ವಂಶ ಕಣೇ ಇದು.”

ನಂಬಿದೆನೋ ಇಲ್ಲವೋ ಹೇಳಲಾರೆ. ಈ ಸಲ ತೊಟ್ಟಿಲನ್ನು ಅಟ್ಟದಿಂದ ಇಳಿಸಿಲ್ಲ. ನಿನ್ನ ಹೆಸರೆತ್ತದೆಯೇ ಅತ್ತೆ ಆ ಭಿಕ್ಷುಕಿಯ ಕೆಲಸಕ್ಕೆ ಪಕ್ಕದ ಮನೆಯ ಪೆಲಗೇಯಾಳನ್ನು ಗೊತ್ತುಮಾಡಿ ಬಂದಿದ್ದಾಳೆ. “ಈ ಚಳೀಲಿ ಕಿಟಕಿ ಕೆಳಗೆ ನಿಲ್ಲೋಕೆ ಒಂದು ಮೀನಿನ ಕಡುಬಾದ್ರೂ ಕೊಡ್ತೀಯೋ ಇಲ್ವೋ ಜಿಪುಣಿ?” ಎಂದು ಅವಳು ನಕ್ಕಳಂತೆ. ನನಗೆ ನಗು ಬರಲಿಲ್ಲ.

ನೆನಾಶನ ಆ ತಾಯಿಯ ಹೆಸರು ಯಾರಿಗೂ ನೆನಪಿಲ್ಲ. ಮಗ ದೊಡ್ಡವನಾದ ಮೇಲೂ “ನಮ್ಮದಲ್ಲದವನೇ, ಊಟಕ್ಕೆ ಬಾರೋ” ಎಂದೇ ಕರೆದಿರಬೇಕು. ಒಂದು ಸಲವಾದರೂ ಬಾಯಿತುಂಬ ‘ಕಂದಾ’ ಅಂದಳೋ ಇಲ್ಲವೋ. ಅದೆಷ್ಟು ಒಂಟಿಯಾಗಿದ್ದಳೋ ಪಾಪ! ಮನೆಯಲ್ಲಿ ಒಬ್ಬಳೇ ಇರುವಾಗ ಅವಳೇ ಪಕ್ಕದಲ್ಲಿ ಕೂತಂತೆ ಅನಿಸುತ್ತದೆ.

ನೀನು ಹುಟ್ಟಿದ ದಿನ ನಾನೂ ‘ನಮ್ಮದಲ್ಲ’ ಎಂದೇ ಹೇಳುತ್ತೇನೆ, ದನಿ ನಡುಗದ ಹಾಗೆ, ಮುಖ ಆಚೆ ತಿರುಗಿಸಿ. ಕೇಳಿಸಿಕೊಂಡು ನೊಂದುಕೊಳ್ಳಬೇಡ. ಹೊರಗೆ ಚಳಿಯಿರುತ್ತದೆ, ಜೋರಾಗಿ ಅಳು, ನನಗೆ ಕೇಳಿಸಲಿ. ಆಮೇಲೆ ಬಾಗಿಲಿಂದ ಒಳಗೆ ಬಾ. ಬಂದು ನೂರು ವರ್ಷ ಬಾಳು. ನನ್ನದಾಗದಿದ್ದರೂ ಸರಿಯೇ, ಬಾಳು.

ಇಂತಿ,
ನಿನಗೆ ಏನೂ ಆಗಬೇಕಿಲ್ಲದ ಒಬ್ಬ ಹೆಂಗಸು